ಪಾಕದಲ್ಲಿ ಸಿಕ್ಕ ಎಳೆ

ಡಿಸ್ನಿಲ್ಯಾಂಡ್ ಇರುವ ಊರು ಎಂದು ಇವತ್ತು ಹೆಸರಾಗಿರುವ ಅನಾಹೈಮ್ ಒಂದು ಕಾಲಕ್ಕೆ ದ್ರಾಕ್ಷಿಯ ಊರಾಗಿತ್ತು. 1857ರಲ್ಲಿ ಜರ್ಮನ್ ವಲಸಿಗರು ಒಟ್ಟು ಸೇರಿ ಲಾಸ್ ಏಂಜಲೀಸ್ ಸಮೀಪದ ಬಯಲಲ್ಲಿ ನೆಲ ಕೊಂಡರು, ಕಾಲುವೆ ತೋಡಿದರು, ಬಳ್ಳಿ ನೆಟ್ಟರು, ವೈನ್ ಮಾಡಿ ಮಾರಿದರು. ಇಪ್ಪತ್ತೈದು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. 1880ರ ದಶಕದಲ್ಲಿ ಎಲೆಗಳ ಅಂಚು ಕೆಂಡ ತಾಗಿದಂತೆ ಒಣಗತೊಡಗಿತು. ಕಾಯಿ ಹಣ್ಣಾಗುವ ಮೊದಲೇ ಮುರುಟಿತು. ನೀರು ಕೊಟ್ಟರೂ ಬಳ್ಳಿ ಬಾಯಾರಿ ಸತ್ತಂತೆ ಸಾಯುತ್ತಿತ್ತು. ಕೆಲವೇ ವರ್ಷಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 35,000 ಎಕರೆಗೂ ಹೆಚ್ಚು ದ್ರಾಕ್ಷಿ ಹಾಳಾಯಿತೆಂದು ಲೆಕ್ಕ.

ಅಮೆರಿಕದ ಕೃಷಿ ಇಲಾಖೆ ನ್ಯೂಟನ್ ಪಿಯರ್ಸ್ ಎಂಬ ತರುಣನನ್ನು ಅಲ್ಲಿಗೆ ಕಳಿಸಿತು. ಅವನು ಮಣ್ಣು, ನೀರು, ಹವೆ, ಬೂಷ್ಟು, ಹುಳು ಎಂದು ಒಂದೊಂದನ್ನೇ ಪರೀಕ್ಷಿಸಿ 1892ರಲ್ಲಿ ದೊಡ್ಡ ವರದಿ ಬರೆದ. ಕಾರಣ ಇವು ಯಾವುವೂ ಅಲ್ಲ, ಬಹುಶಃ ಯಾವುದೋ ಸೂಕ್ಷ್ಮಜೀವಿ ಇರಬೇಕು ಎಂಬಲ್ಲಿಗೆ ಬಂದು ನಿಂತ. ಆ ಜೀವಿ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಕೈಗೆ ಸಿಗದ ರೋಗಕ್ಕೆ ಮುಂದೆ ಅವನ ಹೆಸರನ್ನೇ ಇಟ್ಟರು. ಅನಾಹೈಮ್‌ನ ರೈತರು ವರದಿಗಾಗಿ ಕಾಯುತ್ತ ಕೂರಲಿಲ್ಲ. ಬಳ್ಳಿ ಕಿತ್ತು ಕಿತ್ತಳೆ ನೆಟ್ಟರು. ಇದನ್ನು ನೆನಪಿಟ್ಟುಕೊಳ್ಳಿ, ಕಿತ್ತಳೆ ಮತ್ತೆ ಬರುತ್ತದೆ.

ಎಲೆಯಿಂದ ಎಲೆಗೆ ಜಿಗಿದು ರಸ ಹೀರುವ ಜಿಗಿಹುಳುಗಳೇ ಈ ರೋಗವನ್ನು ಹೊತ್ತು ಹರಡುತ್ತವೆ ಎಂಬುದು 1940ರ ದಶಕದಲ್ಲಿ ತಿಳಿಯಿತು. ಹುಳು ಹರಡುತ್ತದೆ, ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ. ಹಾಗಾದರೆ ವೈರಸ್ಸೇ ಇರಬೇಕು ಎಂದು ಎಲ್ಲರೂ ನಂಬಿದರು. ಆ ನಂಬಿಕೆ ಮೂರು ದಶಕ ಬಾಳಿತು. ಅದನ್ನು ಅಲುಗಿಸಿದ್ದು ಟೆಟ್ರಾಸೈಕ್ಲಿನ್. ಆ ಔಷಧ ಕೊಟ್ಟ ಬಳ್ಳಿಗಳಲ್ಲಿ ರೋಗಲಕ್ಷಣ ತಗ್ಗಿತು. ವೈರಸ್ ಆ ಔಷಧಕ್ಕೆ ಜಗ್ಗುವುದಿಲ್ಲ. 1973ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ, ಬೇರಿನಿಂದ ಎಲೆಗೆ ನೀರೊಯ್ಯುವ ಕ್ಸೈಲಂ ನಾಳಗಳ ಒಳಗೆ, ಗುಂಪು ಗುಂಪಾಗಿ ಬ್ಯಾಕ್ಟೀರಿಯಾಗಳು ಕಂಡವು. 1978ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಅದನ್ನು ಹದವಾದ ಆಹಾರದ ಮೇಲೆ ಬೆಳೆಸಿದರು. 1987ರಲ್ಲಿ ಅದಕ್ಕೆ ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಹೆಸರು ಬಂತು. ಎರಡನೆಯ ಪದಕ್ಕೆ ನಮ್ಮ ಮನೆಗಳಲ್ಲಿ ಊಟಕ್ಕೆ ಕೂತು ಇದು ಬೇಡ ಅದು ಬೇಡ ಎನ್ನುವ ಮಕ್ಕಳಿಗೆ ಹೇಳುವ ಮಾತಿನ ಅರ್ಥವೇ ಇದೆ. ತಟ್ಟೆಯ ಮೇಲೆ ಕಣ್ಣಿಗೆ ಕಾಣುವಷ್ಟು ಬೆಳೆಯಲು ಇದಕ್ಕೆ ಒಂದೆರಡು ವಾರವಾದರೂ ಬೇಕು.

ನಾಮಕರಣವಾದ ಆ 1987ರಲ್ಲೇ ಬ್ರೆಜಿಲ್‌ನ ಸಾವೊ ಪೌಲೊ ಮತ್ತು ಮಿನಾಸ್ ಜೆರೈಸ್ ರಾಜ್ಯಗಳ ಕಿತ್ತಳೆ ತೋಟಗಳಲ್ಲಿ ಎಲೆಗಳ ಮೇಲೆ ಹಳದಿ ಮಚ್ಚೆ ಕಾಣಿಸಿಕೊಂಡಿತು. ಹಣ್ಣು ನಿಂಬೆಯ ಗಾತ್ರಕ್ಕೆ ನಿಂತು ಕಲ್ಲಾಗುತ್ತಿತ್ತು. ರೈತರು ಅದನ್ನು 'ಅಮರೆಲಿನ್ಯೊ' ಎಂದರು, ಪುಟ್ಟ ಹಳದಿ ಎಂದು. (ಅವರ ಕಿತ್ತಳೆ ನಮ್ಮ ಕೊಡಗಿನ ಕಿತ್ತಳೆಯಲ್ಲ, ಜಾತಿಯಲ್ಲಿ ಅದು ನಮ್ಮ ಮೂಸಂಬಿಗೆ ಹತ್ತಿರ.) ಕಾರಣ ಹುಡುಕಿದರೆ ಸಿಕ್ಕಿದ್ದು ಕ್ಸೈಲೆಲ್ಲಾ, ಅನಾಹೈಮ್‌ನ ದ್ರಾಕ್ಷಿಯನ್ನು ಕೊಂದ ಜಾತಿ, ಉಪಜಾತಿ ಬೇರೆ. ಜಗತ್ತಿನ ಕಿತ್ತಳೆ ರಸದ ಮಾರುಕಟ್ಟೆಯನ್ನು ಆಳುತ್ತಿದ್ದ ರಾಜ್ಯಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಮುಂದಿನದು ನನಗೆ ಈ ಇತಿಹಾಸದ ಬಹಳ ಇಷ್ಟದ ಭಾಗ. ಸಾವೊ ಪೌಲೊ ರಾಜ್ಯಕ್ಕೆ ಫಪೆಸ್ಪ್ ಎಂಬ ಸಂಶೋಧನಾ ನಿಧಿ ಇದೆ. ರಾಜ್ಯದ ತೆರಿಗೆ ಆದಾಯದಲ್ಲಿ ನೂರಕ್ಕೆ ಒಂದು ಪಾಲು ಅದಕ್ಕೆ ಹೋಗಬೇಕೆಂದು ರಾಜ್ಯದ ಸಂವಿಧಾನದಲ್ಲೇ ಬರೆದಿದೆ. ಸರ್ಕಾರ ಬದಲಾದರೂ ಆ ಪಾಲು ತಪ್ಪದು. 1997ರಲ್ಲಿ ಆ ನಿಧಿ ಈ ಬ್ಯಾಕ್ಟೀರಿಯಾದ ಇಡೀ ಜೀನೋಮನ್ನು ಓದುವ ಯೋಜನೆ ಹಾಕಿತು. ಆ ಹೊತ್ತಿಗೆ ಸಸ್ಯರೋಗ ತರುವ ಯಾವ ಬ್ಯಾಕ್ಟೀರಿಯಾದ ಜೀನೋಮನ್ನೂ ಯಾರೂ ಪೂರ್ತಿ ಓದಿರಲಿಲ್ಲ. ಬ್ರೆಜಿಲ್‌ನಲ್ಲಿ ಅಂಥ ಕೆಲಸಕ್ಕೆಂದು ದೊಡ್ಡ ಸಂಸ್ಥೆಯೂ ಇರಲಿಲ್ಲ. ಕಟ್ಟಡ ಕಟ್ಟುವ ಬದಲು ಅವರು ರಾಜ್ಯದ ಊರೂರಲ್ಲಿದ್ದ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಯಂತ್ರ ಕೊಟ್ಟು, ಅಂತರ್ಜಾಲದಿಂದ ಜೋಡಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಹಂಚಿದರು. ಹೊಂದಿಸಿ ನಡೆಸಿದವರು ಆ್ಯಂಡ್ರೂ ಸಿಂಪ್ಸನ್. ತುಂಡುಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಬೆಸೆದದ್ದು ಕ್ಯಾಂಪಿನಾಸ್ ವಿಶ್ವವಿದ್ಯಾಲಯದ ಜೊವಾವ್ ಸೆಟುಬಲ್ ಮತ್ತು ಜೊವಾವ್ ಮೈದಾನಿಸ್. 2000ದ ಜುಲೈ 13ರ 'ನೇಚರ್' ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು: ಮುಖ್ಯ ವರ್ಣತಂತುವಿನಲ್ಲಿ 26,79,305 ಅಕ್ಷರ, ಸುಮಾರು 2,900 ಜೀನ್‌ಗಳು.

ಹೆಮ್ಮೆಯ ಆ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ಜೀನ್‌ಗಳ ಮುಂದೆ ಕೆಲಸವೇನೆಂದು ಬರೆದಿರಲಿಲ್ಲ. ಗೊತ್ತಿರಲಿಲ್ಲ, ಅದಕ್ಕೇ. ಜೀನ್ ಎಂದರೆ ಒಂದು ಪ್ರೋಟೀನಿಗೆ ಬರೆದ ಅಕ್ಷರಮಾಲೆ. ಅದು ಮಡಚಿ ಮುದುಡಿ ಯಾವ ಆಕಾರ ತಾಳುತ್ತದೆ, ಯಾವ ಮೂಲೆಯಲ್ಲಿ ಏನನ್ನು ಹಿಡಿಯುತ್ತದೆ ಎಂಬುದು ಆ ಮಾಲೆಯನ್ನು ಓದಿದ ಮಾತ್ರಕ್ಕೆ ಆಗ ತಿಳಿಯುತ್ತಿರಲಿಲ್ಲ. ಹರಳು ಬೇಕಿದ್ದದ್ದು ಅಲ್ಲಿಯೇ.

ಆಕಾರ ತಿಳಿಯಬೇಕಾಗಿದ್ದ ಅಂಥ ಪ್ರೋಟೀನುಗಳಲ್ಲಿ ಒಂದರ ಕಥೆ ಬ್ಯಾಂಕಾಕ್‌ನಿಂದ ಆರಂಭವಾಗುತ್ತದೆ. 1998ರಲ್ಲಿ ಸ್ಕೋರ್ನ್ ಮೊಂಗ್‌ಕೋಲ್‌ಸುಕ್ ಅವರ ತಂಡ ಹುರುಳಿಕಾಯಿ ಗಿಡಕ್ಕೆ ಅಂಗಮಾರಿ ತರುವ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ಅಭ್ಯಸಿಸುತ್ತಿತ್ತು. ಇದು ಕ್ಸೈಲೆಲ್ಲಾದ ದಾಯಾದಿ. ಸಾವಯವ ಪೆರಾಕ್ಸೈಡ್‌ಗಳ ಎದುರು ಬಲುಬೇಗ ಸಾಯುವ, ದುರ್ಬಲಗೊಳಿಸಿದ ಇ. ಕೊಲೈ ತಳಿಯೊಂದಕ್ಕೆ ಅವರು ಕ್ಸಾಂಥೊಮೊನಾಸ್‌ನ ಜೀನ್‌ಗಳನ್ನು ಸೇರಿಸಿ, ಯಾವ ಜೀನ್ ಅದನ್ನು ಬದುಕಿಸುತ್ತದೆ ಎಂದು ನೋಡಿದರು. ಬದುಕಿಸಿದ ಜೀನ್ ಹಿಂದೆ ಯಾರೂ ಕಾಣದ್ದು. ಅದು ಮಾಡುವ ಕೆಲಸದ ಇಂಗ್ಲಿಷ್ ವಿವರಣೆಯ ಮೊದಲಕ್ಷರಗಳನ್ನು ಕೂಡಿಸಿ ಓಎಚ್‌ಆರ್ ಎಂದು ಕರೆದರು.

ಪೆರಾಕ್ಸೈಡ್ ಏಕೆ ಎಂದು ಕೇಳಬಹುದು. ರೋಗಾಣು ಒಳಹೊಕ್ಕಾಗ ಗಿಡ ಸುಮ್ಮನಿರುವುದಿಲ್ಲ. ಓಡಲು ಕಾಲಿಲ್ಲದ ಜೀವ ಅದು, ಇದ್ದಲ್ಲೇ ಕಾದುತ್ತದೆ. ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸಿ ಎರಚುತ್ತದೆ. ಅವುಗಳಲ್ಲಿ ಗಾಯಕ್ಕೆ ಹಾಕಿದರೆ ನೊರೆಯುಕ್ಕುವ ಹೈಡ್ರೊಜನ್ ಪೆರಾಕ್ಸೈಡ್ ಒಂದು. ಇನ್ನೊಂದು ಬಗೆ ಕೊಬ್ಬಿನಾಮ್ಲಗಳ ಪೆರಾಕ್ಸೈಡ್. ಡಬ್ಬದಲ್ಲಿ ಮರೆತ ಕೊಬ್ಬರಿ ಕಮಟು ವಾಸನೆ ಬರುತ್ತದಲ್ಲ, ಆ ಕೆಡುವಿಕೆ ಶುರುವಾಗುವುದು ಇಂಥ ಪೆರಾಕ್ಸೈಡ್‌ಗಳಿಂದಲೇ. ಇವು ಬ್ಯಾಕ್ಟೀರಿಯಾದ ಪೊರೆಯನ್ನೇ ಹಾಳುಮಾಡುತ್ತವೆ. ವಿಜ್ಞಾನಿಗಳು ಈ ಸ್ಥಿತಿಯನ್ನು ಆಕ್ಸಿಡೀಕರಣದ ಒತ್ತಡ ಎನ್ನುತ್ತಾರೆ, ಆಗ ನೆರವಿಗೆ ಬರುವವನ್ನು ಒತ್ತಡ ಪ್ರೋಟೀನ್ ಎನ್ನುತ್ತಾರೆ. ಒತ್ತಡ ಎಂದರೆ ನಮಗೆ ಆಫೀಸು ನೆನಪಾಗುತ್ತದೆ. ಆಪತ್ಕಾಲದ ಪ್ರೋಟೀನ್ ಎಂದಿದ್ದರೆ ಚೆನ್ನಾಗಿತ್ತು.

ಸಾವೊ ಪೌಲೊ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ನೆಟ್ಟೊ ಅವರ ತಂಡ ಕ್ಸೈಲೆಲ್ಲಾದ ಪಟ್ಟಿಯಿಂದ ಓಎಚ್‌ಆರ್ ಜೀನನ್ನು ಎತ್ತಿಕೊಂಡಿತು. ಈ ಪ್ರೋಟೀನ್ ತಾನೇ ಪೆರಾಕ್ಸೈಡನ್ನು ಒಡೆಯುವ ಕಿಣ್ವ ಎಂದು 2003ರಲ್ಲಿ ತೋರಿಸಿತು. ಒಡೆಯುವ ಅಸ್ತ್ರ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲ. ಹೈಡ್ರೊಜನ್ ಪೆರಾಕ್ಸೈಡ್‌ಗಿಂತ ಸಾವಯವ ಪೆರಾಕ್ಸೈಡ್‌ಗಳ ಮೇಲೆ ಇದರ ಚುರುಕು ಬಹಳ ಹೆಚ್ಚು. ಆದರೆ ಸಾವಯವ ಪೆರಾಕ್ಸೈಡ್ ಎಂಬುದು ದೊಡ್ಡ ಬಳಗ. ಪ್ರಯೋಗಾಲಯದಲ್ಲಿ ಬಳಸುತ್ತಿದ್ದುದು ಬಾಟಲಿಯಲ್ಲಿ ಸಿಗುವ ಕೃತಕ ರಾಸಾಯನಿಕ. ಗಿಡದ ನಾಳದೊಳಗೆ ಈ ಕಿಣ್ವಕ್ಕೆ ನಿಜವಾಗಿ ಎದುರಾಗುವುದು ಯಾವುದು?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪ್ರೋಟೀನೂ ಉಪ್ಪು ಸಕ್ಕರೆಗಳಂತೆ ಹರಳಾಗಬಲ್ಲದು ಎಂಬುದನ್ನು ಹಿಂದೆ ಪಂಡಿತರು ಸುಲಭಕ್ಕೆ ಒಪ್ಪಿರಲಿಲ್ಲ. ಕಿಣ್ವ ಎಂದರೆ ಪ್ರೋಟೀನೇ ಅಲ್ಲ ಎಂದು ವಾದಿಸುವವರು ಇದ್ದರು. ಅಮೆರಿಕದ ಕಾರ್ನೆಲ್‌ನಲ್ಲಿದ್ದ ಜೇಮ್ಸ್ ಸಮ್ನರ್ ಹದಿನೇಳನೆಯ ವಯಸ್ಸಿಗೆ ಬೇಟೆಯ ಅಪಘಾತದಲ್ಲಿ ಎಡಗೈ ಕಳೆದುಕೊಂಡವರು, ಅದೂ ಎಡಚರು. ರಸಾಯನಶಾಸ್ತ್ರ ನಿಮ್ಮಿಂದಾಗದು ಎಂದು ಹೇಳಿಸಿಕೊಂಡಿದ್ದರು. ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನ ಹಿಟ್ಟಿನಿಂದ ಯೂರಿಯೇಸ್ ಕಿಣ್ವವನ್ನು ಬೇರ್ಪಡಿಸಲು ಅವರು ಒಂಬತ್ತು ವರ್ಷ ಹೆಣಗಿದರು. 1926ರಲ್ಲಿ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಪುಟ್ಟ ಹರಳುಗಳು ಕಂಡವು. ಅದಕ್ಕೆ ನೊಬೆಲ್ ಬಂದದ್ದು 1946ರಲ್ಲಿ, ಇಪ್ಪತ್ತು ವರ್ಷ ಕಾಯಿಸಿ.

ಹರಳಿನ ಮೂಲಕ ಕ್ಷ-ಕಿರಣ ಹಾಯಿಸಿದರೆ ಅದು ಚದುರಿ ಚುಕ್ಕೆಗಳ ರಂಗೋಲಿ ಮೂಡುತ್ತದೆ. ಆ ಚುಕ್ಕೆಗಳ ಸ್ಥಾನ ಮತ್ತು ಗಾಢತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಅಣುಗಳ ಜೋಡಣೆಯನ್ನು ಕಂಡುಹಿಡಿಯಬಹುದು. ಪ್ರೋಟೀನಿನ ವಿಷಯದಲ್ಲಿ ಮೊದಲು ಇದು ಸಾಧ್ಯವಾದದ್ದೂ ಒಂದು ರಜೆಯಿಂದ. ಸ್ವೀಡನ್ನಿನ ಉಪ್ಸಾಲದಲ್ಲಿ ಜಾನ್ ಫಿಲ್ಪಾಟ್ ಎಂಬವರು ಜಠರದ ಪೆಪ್ಸಿನ್ ಕಿಣ್ವದ ದ್ರಾವಣವನ್ನು ತಂಪಿನಲ್ಲಿಟ್ಟು ಸ್ಕೀ ಆಡಲು ಹೋಗಿದ್ದರು. ಮರಳಿ ಬಂದಾಗ ದೊಡ್ಡ ಹರಳುಗಳು ಬೆಳೆದಿದ್ದವು. ಅವನ್ನು ಕಂಡ ಗೆಳೆಯರೊಬ್ಬರು ಕೋಟಿನ ಜೇಬಿನಲ್ಲಿಟ್ಟುಕೊಂಡು ಕೇಂಬ್ರಿಜ್‌ಗೆ ಒಯ್ದು ಜೆ. ಡಿ. ಬರ್ನಾಲ್ ಅವರ ಕೈಗೆ ಕೊಟ್ಟರು. ಹರಳನ್ನು ಹೊರತೆಗೆದು ಒಣಗಲು ಬಿಟ್ಟರೆ ಅದು ಕುಸಿಯುತ್ತದೆ, ರಂಗೋಲಿ ಮೂಡುವುದಿಲ್ಲ ಎಂದು ಬರ್ನಾಲ್ ಗಮನಿಸಿದರು. ಅದು ಬೆಳೆದ ದ್ರವದಲ್ಲೇ ನೆನೆಸಿ, ಗಾಜಿನ ಕೊಳವೆಯಲ್ಲಿ ಮುಚ್ಚಿ ಕಿರಣ ಹಾಯಿಸಿದರು. 1934ರಲ್ಲಿ ಬರ್ನಾಲ್ ಮತ್ತು ಮುಂದೆ ಡೊರೊಥಿ ಹಾಜ್ಕಿನ್ ಎಂದು ಹೆಸರಾದ ಡೊರೊಥಿ ಕ್ರೋಫುಟ್ ಅದನ್ನು ಪ್ರಕಟಿಸಿದರು.

ಕಲ್ಲುಸಕ್ಕರೆ ಮಾಡುವುದನ್ನು ನೋಡಿದವರಿಗೆ ಈ ಕೆಲಸದ ಸ್ವಭಾವ ಹೇಳಬೇಕಿಲ್ಲ. ಪಾಕ ಗಟ್ಟಿಯಾಗಿರಬೇಕು, ನೂಲು ಇಳಿಬಿಟ್ಟಿರಬೇಕು, ಆಮೇಲೆ ಪಾತ್ರೆಯನ್ನು ಅಲುಗಿಸದೆ ಮರೆತುಬಿಡಬೇಕು. ಅವಸರ ಮಾಡಿದರೆ ಪುಡಿ ಸಕ್ಕರೆಯೇ ಸಿಗುತ್ತದೆ. ಪ್ರೋಟೀನ್ ಇನ್ನೂ ನಾಜೂಕು. ಅವಸರಕ್ಕೆ ಒಡೆದ ಹಾಲಿನಂತೆ ಗಸಿಯಾಗುತ್ತದೆ. ಇವತ್ತಿನ ಸಾಮಾನ್ಯ ವಿಧಾನದಲ್ಲಿ ತೆಳು ಗಾಜಿನ ಬಿಲ್ಲೆಯ ಕೆಳಮೈಗೆ ಪ್ರೋಟೀನಿನ ಒಂದು ಪುಟ್ಟ ಹನಿ ತೂಗಿಸುತ್ತಾರೆ. ಅದರ ಕೆಳಗೆ ಪುಟ್ಟ ಗುಳಿಯಲ್ಲಿ ಗಾಢ ದ್ರಾವಣ. ಮುಚ್ಚಿಟ್ಟ ಆ ಜಾಗದಲ್ಲಿ ಹನಿಯ ನೀರು ಆವಿಯಾಗಿ ನಿಧಾನವಾಗಿ ಗುಳಿಗೆ ಸೇರುತ್ತದೆ, ಹನಿ ಗಟ್ಟಿಯಾಗುತ್ತ ಹೋಗುತ್ತದೆ. ನೀರನ್ನು ಸೆಳೆದುಕೊಂಡು ಪ್ರೋಟೀನ್ ಅಣುಗಳನ್ನು ಒತ್ತಿ ಕೂರಿಸಲು ಬಳಸುವ ವಸ್ತುಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಮುಖ್ಯವಾದದ್ದು. ಮುಲಾಮುಗಳಲ್ಲಿ, ಮಲಬದ್ಧತೆಗೆ ಕೊಡುವ ಪುಡಿಯಲ್ಲಿ ಇರುವ ವಸ್ತುವೇ. ರಾಸಾಯನಿಕವಾಗಿ ಅದೊಂದು ಉದ್ದನೆಯ ಎಳೆ. ಹರಳು ಕಟ್ಟುವವರಿಗೆ ಅದು ಅಡುಗೆಯ ಉರುವಲಿದ್ದಂತೆ, ಬೇಯಿಸುತ್ತದೆ, ಊಟದಲ್ಲಿ ಲೆಕ್ಕಕ್ಕಿಲ್ಲ.

ನೆಟ್ಟೊ ತಂಡ ಕ್ಸೈಲೆಲ್ಲಾದ ಜೀನನ್ನು ಇ. ಕೊಲೈಗೆ ಸೇರಿಸಿ ಪ್ರೋಟೀನನ್ನು ಹೇರಳವಾಗಿ ತಯಾರಿಸಿಕೊಂಡಿತು. ತಕರಾರಿನ ಕ್ಸೈಲೆಲ್ಲಾವನ್ನೇ ಬೆಳೆಸುತ್ತ ಕೂತಿದ್ದರೆ ಇಷ್ಟು ಸಿಗುತ್ತಿರಲಿಲ್ಲ. ಹರಳು ಕಟ್ಟುವ ಮೊದಲು ಪ್ರೋಟೀನಿಗೆ ಪೆರಾಕ್ಸೈಡ್ ತಾಗಿಸಿದರು. ಕೆಲಸದ ನಡುವೆ ಅದನ್ನು ಹಿಡಿಯಬೇಕೆಂಬುದು ಆಸೆ. ಕ್ಯಾಂಪಿನಾಸ್‌ನಲ್ಲಿ 1997ರಲ್ಲಿ ಬಳಕೆಗೆ ತೆರೆದ ಸಿಂಕ್ರೊಟ್ರಾನ್ ಪ್ರಯೋಗಾಲಯದವರೂ ಈ ಕೆಲಸದಲ್ಲಿ ಜೊತೆಯಾಗಿದ್ದರು. ಎಲೆಕ್ಟ್ರಾನುಗಳನ್ನು ಉಂಗುರದಲ್ಲಿ ಓಡಿಸಿ ಪ್ರಖರ ಕ್ಷ-ಕಿರಣ ಪಡೆಯುವ ಯಂತ್ರ ಅದು, ದಕ್ಷಿಣ ಗೋಳಾರ್ಧದಲ್ಲಿ ಮೊದಲನೆಯದು, ಬಹುಪಾಲು ಬ್ರೆಜಿಲ್‌ನವರೇ ಕಟ್ಟಿದ್ದು. ಹರಳಿನ ವಿವರ 2004ರಲ್ಲಿ, ಪೂರ್ತಿ ರಚನೆ 2006ರಲ್ಲಿ ಪ್ರಕಟವಾಯಿತು. ವಿವರದ ಸೂಕ್ಷ್ಮತೆ 1.8 ಆಂಗ್‌ಸ್ಟ್ರಾಮ್; ಒಂದು ಆಂಗ್‌ಸ್ಟ್ರಾಮ್ ಎಂದರೆ ಸೆಂಟಿಮೀಟರ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು.

ಎರಡು ಅಣುಗಳು ಒಂದಕ್ಕೊಂದು ಹೆಣೆದುಕೊಂಡ ಜೋಡಿ ಅದು. ಎರಡೂ ಕೂಡುವ ಕಡೆ ನೀರಿಗೆ ಒಗ್ಗದ, ಎಣ್ಣೆಗೆ ಒಗ್ಗುವ ಗೂಡುಗಳು. ಗೂಡಿನೊಳಗೆ 61ನೆಯ ಸ್ಥಾನದ ಸಿಸ್ಟೀನ್. ಇದೇ ಕುಟುಂಬದ ಬೇರೆ ಬ್ಯಾಕ್ಟೀರಿಯಾದ ಪ್ರೋಟೀನಿನ ಆಕಾರ 2002ರಲ್ಲೇ ನ್ಯೂಯಾರ್ಕ್‌ನಲ್ಲಿ ಬಿಡಿಸಿಯಾಗಿತ್ತು, ಹಾಗಾಗಿ ಇಲ್ಲಿಯವರೆಗೆ ಅಚ್ಚರಿಯಿಲ್ಲ. ಅಚ್ಚರಿ ಗೂಡಿನಲ್ಲೇ ಇತ್ತು. ಪ್ರೋಟೀನಿಗೆ ಸೇರದ, ಉದ್ದಕ್ಕೆ ಚಾಚಿದ ಏನೋ ಒಂದು ಅಲ್ಲಿ ಮಲಗಿತ್ತು. ಅದು ಪಾಲಿಎಥಿಲೀನ್ ಗ್ಲೈಕಾಲ್‌ನ ತುಂಡು. ಉರುವಲು ಊಟಕ್ಕೆ ಬಂದು ಕೂತಿತ್ತು!

ಇಂಥ ಎಳೆಗಳು ಪ್ರೋಟೀನಿನ ಸಂದುಗೊಂದುಗಳಲ್ಲಿ ಸಿಕ್ಕಿಕೊಳ್ಳುವುದು ಹೊಸದಲ್ಲ. ಎಷ್ಟೋ ಸಲ ಅದನ್ನು ಗುರುತುಹಾಕಿ ಮುಂದೆ ಹೋಗುತ್ತಾರೆ. ಇವರು ನಿಂತು ಕೇಳಿದ ಪ್ರಶ್ನೆ ಸರಳ: ಇಷ್ಟುದ್ದದ, ಬಾಗುವ ಎಳೆಯೊಂದು ಇಲ್ಲಿ ಇಷ್ಟು ಹಾಯಾಗಿ ಹಿಡಿಸುವುದಾದರೆ, ಈ ಗೂಡು ಯಾವ ಎಳೆಗಾಗಿ ಹುಟ್ಟಿದ್ದು? ಜೀವಕೋಶದಲ್ಲಿ ಅಂಥ ಉದ್ದನೆಯ, ಎಣ್ಣೆಯ ಗುಣದ ಎಳೆ ಎಂದರೆ ಕೊಬ್ಬಿನಾಮ್ಲ. ಗಣಕದಲ್ಲಿ ಕೊಬ್ಬಿನಾಮ್ಲದ ಪೆರಾಕ್ಸೈಡನ್ನು ಆ ಗೂಡಿನಲ್ಲಿ ಕೂರಿಸಿ ನೋಡಿದರು, ಜೀವರಾಸಾಯನಿಕ ಪರೀಕ್ಷೆಗಳನ್ನೂ ಮಾಡಿದರು. ಎರಡೂ ಒಂದೇ ಕಡೆ ಬೊಟ್ಟು ಮಾಡಿದವು. ಕಮಟು ಕೊಬ್ಬರಿಯ ವಿಷಕ್ಕೇ ಈ ಕಿಣ್ವ ಹೇಳಿಮಾಡಿಸಿದಂತಿತ್ತು. ಮುಂದೆ 2017ರಲ್ಲಿ ಅದೇ ತಂಡದವರು ಸಂಗಡಿಗರೊಂದಿಗೆ ಸೇರಿ ಕೊಬ್ಬಿನಾಮ್ಲದ ಪೆರಾಕ್ಸೈಡ್‌ಗಳನ್ನು ಈ ಕಿಣ್ವ ಎಷ್ಟು ಅಗಾಧ ವೇಗದಲ್ಲಿ ಒಡೆಯುತ್ತದೆ ಎಂದು ಅಳೆದು ತೋರಿಸಿದರು.

ಮೂರು ಬೇರೆ ಬೇರೆ ಬ್ಯಾಕ್ಟೀರಿಯಾಗಳ ಓಎಚ್‌ಆರ್ ಹರಳುಗಳಲ್ಲಿ ಆ ಸಿಸ್ಟೀನಿನ ಗಂಧಕ ಬೇರೆ ಬೇರೆ ಸ್ಥಿತಿಯಲ್ಲಿತ್ತು. ಅವನ್ನು ಸಾಲಾಗಿ ಇಟ್ಟರೆ ಕಿಣ್ವದ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಮದುವೆಯ ಆಲ್ಬಮ್ಮಿನಲ್ಲಿ ನಡುವಿನ ಚಿತ್ರಗಳಿಂದ ಇಡೀ ಸಮಾರಂಭವನ್ನು ಊಹಿಸಿದಂತೆ. ಗಂಧಕ ಪೆರಾಕ್ಸೈಡನ್ನು ಒಡೆದು ತಾನು ಸುಟ್ಟುಕೊಳ್ಳುತ್ತದೆ. ಪಕ್ಕದ ಇನ್ನೊಂದು ಸಿಸ್ಟೀನ್ ಬಂದು ಕೈಹಿಡಿಯುತ್ತದೆ. ಆಮೇಲೆ ಹೊರಗಿನ ಅಣುವೊಂದು ಬಂದು ಇಬ್ಬರನ್ನೂ ಬಿಡಿಸಿ ಮತ್ತೆ ಕೆಲಸಕ್ಕೆ ಸಜ್ಜುಗೊಳಿಸುತ್ತದೆ. ಪೆರಾಕ್ಸೈಡ್ ಅತಿಯಾದರೆ ಗಂಧಕ ಪೂರ್ತಿ ಸುಟ್ಟು ಕಿಣ್ವ ಶಾಶ್ವತವಾಗಿ ಸಾಯುತ್ತದೆ. ಬಿಡಿಸುವ ಹೊರಗಿನವರು ಲಿಪಾಯಿಕ್ ಆಮ್ಲದ ಕುಟುಂಬದವರು ಎಂಬುದು 2010ರಲ್ಲಿ ಗೊತ್ತಾಯಿತು.

ಹೀಗೆ ಬಿಡಿಸಿದ ಪ್ರತಿಯೊಂದು ರಚನೆಯನ್ನೂ ಒರೆಗೆ ಹಚ್ಚಿ ನೋಡುವ ಕಲ್ಲು ನಮ್ಮ ಕಡೆಯದು. ಬೆಂಗಳೂರಿನಲ್ಲಿ ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ 1963ರಲ್ಲಿ ಮದರಾಸಿನಿಂದ ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ನಕ್ಷೆ ಅದು. ಪ್ರೋಟೀನಿನ ಬೆನ್ನೆಲುಬು ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂದು ಅದು ಹೇಳುತ್ತದೆ. ಮುಂದೆ ಅವರು ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ವಿಭಾಗದಲ್ಲೇ ಎಂ. ಆರ್. ಎನ್. ಮೂರ್ತಿ ಅವರು ಎಚ್. ಎಸ್. ಸಾವಿತ್ರಿ ಅವರೊಂದಿಗೆ ಸೇರಿ ಸಾಲ್ಮೊನೆಲ್ಲಾದ ಸರ್‌-ಇ ಎಂಬ ಆಪತ್ಕಾಲದ ಪ್ರೋಟೀನಿನ ರಚನೆಯನ್ನು 2008ರಲ್ಲಿ ಬಿಡಿಸಿದ್ದು. ಆಹಾರ ತೀರಿ ಬೆಳವಣಿಗೆ ನಿಂತಾಗ ಬ್ಯಾಕ್ಟೀರಿಯಾ ಬದುಕುಳಿಯಲು ನೆರವಾಗುವುದು ಅದು. ಅದೇ ಕುಟುಂಬದ ಕ್ಸೈಲೆಲ್ಲಾ ಪ್ರೋಟೀನಿನ ಆಕಾರವನ್ನು ಬ್ರೆಜಿಲ್‌ನವರು 2017ರಲ್ಲಿ ಪ್ರಕಟಿಸಿದರು.

ಇಷ್ಟೆಲ್ಲ ಓದಿದ ಮೇಲೆ ಕಿತ್ತಳೆ ಬೆಳೆಗಾರ ಕೇಳುವ ಪ್ರಶ್ನೆ ಒಂದೇ: ರೋಗ ಹೋಯಿತೆ? ಸಾವೊ ಪೌಲೊದಲ್ಲಿ ಅಮರೆಲಿನ್ಯೊ ಬಹಳ ತಗ್ಗಿತು, ನಿಜ. ತಗ್ಗಿಸಿದ್ದು ಬಲೆ. 2003ರಿಂದ ಆ ರಾಜ್ಯದಲ್ಲಿ ಕಿತ್ತಳೆ ಸಸಿಗಳನ್ನು ಜಿಗಿಹುಳು ನುಸುಳದ ಬಲೆಯ ಮನೆಗಳಲ್ಲೇ ಬೆಳೆಸಬೇಕೆಂದು ಕಡ್ಡಾಯ ಮಾಡಿದರು. ಕಸಿ ಕಣ್ಣು ಶುದ್ಧವಾದ ಮರದಿಂದಲೇ ಬರಬೇಕಾಯಿತು. ರೋಗದ ಕೊಂಬೆ ಕತ್ತರಿಸಿದರು, ಮರ ಕಿತ್ತರು, ಹುಳುವಿಗೆ ಔಷಧ ಹೊಡೆದರು. 2004ರಲ್ಲಿ ಗ್ರೀನಿಂಗ್ ಎಂಬ ಇನ್ನೂ ಭೀಕರ ರೋಗ ಬಂದು ರೈತರ ನಿದ್ದೆಗೆಡಿಸುವ ಸರದಿಯನ್ನು ತಾನು ವಹಿಸಿಕೊಂಡಿತು. ಓಎಚ್‌ಆರ್ ಗಿಡಗಳಲ್ಲೂ ಪ್ರಾಣಿಗಳಲ್ಲೂ ಇಲ್ಲ. ಅದನ್ನು ಕಟ್ಟಿಹಾಕುವ ಔಷಧ ಸಿಕ್ಕರೆ ಗಿಡಕ್ಕೆ ತೊಂದರೆಯಾಗದು ಎಂದು 2006ರ ಪ್ರಬಂಧ ಹೇಳಿತ್ತು. ತೋಟದಲ್ಲಿ ಹೊಡೆಯುವ ಅಂಥ ಔಷಧ ಬರಲಿಲ್ಲ.

ಹಾಗಾದರೆ ಅಷ್ಟು ಹಣ ಸುರಿದದ್ದು ಯಾಕೆ ಎಂಬ ತಕರಾರು ಬ್ರೆಜಿಲ್‌ನಲ್ಲೂ ಇತ್ತು. ನನಗೆ ಆ ತಕರಾರಿನಲ್ಲಿ ಅರ್ಧ ಮಾತ್ರ ನ್ಯಾಯ ಕಾಣುತ್ತದೆ. ಕ್ಸೈಲೆಲ್ಲಾದ ಮೇಲೆ ಕೈಪಳಗಿಸಿಕೊಂಡವರು ಆಮೇಲೆ ಕಬ್ಬು, ಕಾಫಿ, ಕ್ಯಾನ್ಸರ್ ಜೀನ್‌ಗಳತ್ತ ಹೋದರು. ಕೆಲವರು 2002ರಲ್ಲಿ ಕಂಪನಿಯನ್ನೂ ಕಟ್ಟಿದರು. ಅದರ ಹೆಸರು ಅಲೆಲಿಕ್ಸ್. ರೋಮನ್ ಲಿಪಿಯಲ್ಲಿ ಕ್ಸೈಲೆಲ್ಲಾವನ್ನು ಹೆಚ್ಚುಕಡಿಮೆ ಹಿಂದುಮುಂದಾಗಿ ಬರೆದದ್ದು. 2008ರಲ್ಲಿ ಅದನ್ನು ಮಾನ್ಸಾಂಟೊ ಕೊಂಡಿತು. ತೆರಿಗೆಯ ಹಣದಿಂದ ಕಲಿತ ವಿದ್ಯೆ ಹಾಗೆ ಕೈಬದಲಾದದ್ದು ನನಗೆ ಸರಿಕಾಣುವುದಿಲ್ಲ. ಹರಳಿನ ರಚನೆಗಳು ಮಾತ್ರ ಯಾರು ಬೇಕಾದರೂ ತೆರೆದು ನೋಡಬಹುದಾದ ಸಾರ್ವಜನಿಕ ಭಂಡಾರದಲ್ಲಿ ಕೂತಿವೆ.

ಅದನ್ನು ತೆರೆದು ನೋಡುವ ಅಗತ್ಯ ಮತ್ತೆ ಬಂದಿದೆ. 2013ರಲ್ಲಿ ದಕ್ಷಿಣ ಇಟಲಿಯ ಸಲೆಂಟೊ ಪ್ರದೇಶದಲ್ಲಿ ಆಲಿವ್ ಮರಗಳ ಎಲೆಯ ಅಂಚು ಕೆಂಡ ತಾಗಿದಂತೆ ಒಣಗತೊಡಗಿದ್ದಕ್ಕೆ ಕ್ಸೈಲೆಲ್ಲಾ ಜೊತೆಗಿರುವುದು ಪತ್ತೆಯಾಯಿತು. ಬ್ರೆಜಿಲ್‌ನ ಕಿತ್ತಳೆಗೆ ಬಂದ ಉಪಜಾತಿಯೇ. ನೂರಾರು ವರ್ಷ ಹಳೆಯ, ಅಜ್ಜ ಮುತ್ತಜ್ಜಂದಿರು ಎಣ್ಣೆ ತೆಗೆದ ಮರಗಳು ಲಕ್ಷಗಟ್ಟಲೆ ಒಣಗಿ ನಿಂತವು. ಕಡಿಯಬೇಕೆಂದು ಆದೇಶ ಬಂದಾಗ ಊರವರು ಮರಗಳಿಗೆ ಅಡ್ಡ ನಿಂತರು, ಬ್ಯಾಕ್ಟೀರಿಯಾ ಎಂಬುದೇ ಸುಳ್ಳು ಎಂದವರೂ ಇದ್ದರು. ಈಗ ಅಲ್ಲಿ ಒಣಗಿದ್ದನ್ನು ಕಿತ್ತು ಲೆಚ್ಚಿನೊ ಎಂಬ ತಳಿಯನ್ನು ನೆಡುತ್ತಿದ್ದಾರೆ. ಅದರ ನಾಳಗಳಲ್ಲೂ ಕ್ಸೈಲೆಲ್ಲಾ ಇರುತ್ತದೆ, ಕಡಿಮೆ ಇರುತ್ತದೆ, ಮರ ಫಲ ಕೊಡುತ್ತದೆ.